ವಿಮಾನದ ಎರಡನೆಯ ಆಸನ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿಗಳಲ್ಲಿ ವಿಮಾನವೆಂದರೆ ಬಹುಕಾಲ ಆಕಾಶದಲ್ಲಿ ಕಾಣುವ ಒಂದು ಬಿಳಿಯ ಗೆರೆ ಮಾತ್ರವಾಗಿತ್ತು. ಈಗ ಹಾಗಿಲ್ಲ. ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ ಮಕ್ಕಳ ಮನೆಗೆ ಹೋಗಿಬರುವ ಅಜ್ಜ ಅಜ್ಜಿಯರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಹಿರೇಕೆರೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಪೈಲಟ್ ತರಬೇತಿಗೇ ಸೇರಿದ್ದಾಳೆ. ಆಕೆಯ ತಂದೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದರು: "ಸರ್, ವಿಮಾನ ಹಾರಸೋದು ಕಲಸ್ತಾರ, ಅದು ಸರಿ. ಆದರ ಇಬ್ಬರು ಕೂಡಿ ಕೆಲಸಾ ಮಾಡೋದು, ಮುಂದಾಳತನ ಮಾಡೋದು ಅಂತ ಬ್ಯಾರೆ ಪಾಠ ಅದಾವಂತ. ಅದರಾಗ ಕಲಸೋದು ಏನೈತ್ರಿ?" ಇತಿಹಾಸದ ಮೇಷ್ಟ್ರಿಗೆ ಈ ಪ್ರಶ್ನೆ ಕೇಳಿದ್ದು ಒಳ್ಳೆಯದೇ ಆಯಿತು. ಏಕೆಂದರೆ ಈ ಪಾಠವನ್ನು ಯಾವ ವಿಜ್ಞಾನಿಯೂ ಕುಳಿತು ಯೋಚಿಸಿ ಹುಟ್ಟಿಸಿದ್ದಲ್ಲ. ಅದು ಅಪಘಾತಗಳ ಇತಿಹಾಸದಿಂದ ಹುಟ್ಟಿದ್ದು. ಆ ಇತಿಹಾಸದ ಎರಡು ದುಃಖದ ಪುಟಗಳು ನಮ್ಮ ಕರ್ನಾಟಕದವು.

ಮೊದಲು ತರಬೇತಿಯ ವಿಷಯ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಸರಕಾರದ ಹಳೆಯ ವೈಮಾನಿಕ ತರಬೇತಿ ಶಾಲೆಯಿದೆ. 2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ತರಬೇತಿ ಸಂಸ್ಥೆಗಳಿಗೆಂದು ದೇಶದಲ್ಲಿ ಐದು ನಿಲ್ದಾಣಗಳನ್ನು ಆರಿಸಿದಾಗ ಬೆಳಗಾವಿ ಮತ್ತು ಕಲಬುರಗಿ ಅವುಗಳಲ್ಲಿ ಸೇರಿದ್ದವು. ವೃತ್ತಿಪರ ಪೈಲಟ್ ಪರವಾನಿಗೆಗೆ ಒಟ್ಟು 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆಗಳಷ್ಟು ವಿಮಾನದ ಪೂರ್ಣ ಹೊಣೆಯನ್ನು ವಿದ್ಯಾರ್ಥಿಯೇ ಹೊತ್ತಿರಬೇಕು. ಒಂಟಿಯಾಗಿ ಹಾರಿ ಒಂಟಿಯಾಗಿ ಇಳಿದು ಬಂದ ದಿನ ಆ ವಿದ್ಯಾರ್ಥಿಗೆ ಹಬ್ಬ.

ಇಲ್ಲಿಯೇ ಒಂದು ವಿಚಿತ್ರವಿದೆ. ಹೀಗೆ ಒಂಟಿಯಾಗಿ ನಿರ್ಧಾರ ಕೈಕೊಳ್ಳಲು ಕಲಿತವರು ವಿಮಾನ ಸಂಸ್ಥೆಯಲ್ಲಿ ನೌಕರಿಗೆ ಸೇರಿದ ಮೇಲೆ ಎಂದೂ ಒಂಟಿಯಾಗಿ ಹಾರುವುದಿಲ್ಲ. ಎಡಗಡೆಯ ಆಸನದಲ್ಲಿ ಕ್ಯಾಪ್ಟನ್, ಬಲಗಡೆಯ ಆಸನದಲ್ಲಿ ಸಹಚಾಲಕ. ಹೊಸಬರಿಗೆ ಸಿಗುವುದು ಆ ಎರಡನೆಯ ಆಸನ. ಪಕ್ಕದಲ್ಲಿ ಕುಳಿತವರು ತಮಗಿಂತ ಇಪ್ಪತ್ತು, ಮೂವತ್ತು ವರ್ಷ ಹಿರಿಯರಾಗಿರಬಹುದು. ಅವರು ತಪ್ಪಿದರೆ ಏನು ಮಾಡಬೇಕು? ಈ ಪಾಠ ಹುಟ್ಟಿದ್ದು ಈ ಒಂದು ಪ್ರಶ್ನೆಯಿಂದ.

ಕ್ಯಾಪ್ಟನ್ ಎಂಬ ಪದವೇ ಹಡಗಿನಿಂದ ಬಂದದ್ದು. ನಡುಗಡಲಲ್ಲಿ ಹಡಗಿನ ಒಡೆಯನ ಮಾತಿಗೆ ಎದುರಿಲ್ಲ. ವಿಮಾನಗಳಲ್ಲಿಯೂ ಹಲವು ದಶಕಗಳ ಕಾಲ ಅದೇ ಪದ್ಧತಿ ನಡೆಯಿತು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಆ ಪದ್ಧತಿಗೆ ಮೊದಲ ದೊಡ್ಡ ಪೆಟ್ಟು ಬಿತ್ತು. ದಟ್ಟವಾದ ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ಒಂದೇ ರನ್‌ವೇ ಮೇಲೆ ಇದ್ದವು. ಡಚ್ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯ ಜಂಬೋ ತರಬೇತಿಯ ಮುಖ್ಯಸ್ಥರು, ಅಂದರೆ ಗುರುಗಳ ಗುರು. ಹಾರಲು ಅನುಮತಿ ಬಂದಿಲ್ಲವೆಂದು ಸಹಚಾಲಕ ಒಮ್ಮೆ ನೆನಪಿಸಿದರು. ಎರಡನೆಯ ಸಲ ಕ್ಯಾಪ್ಟನ್ ವಿಮಾನ ಹೊರಡಿಸಿದಾಗ ಅವರು ಸುಮ್ಮನಾದರು. ಎದುರಿನ ವಿಮಾನ ಇನ್ನೂ ರನ್‌ವೇ ಮೇಲೆಯೇ ಇದೆಯೇನೋ ಎಂದು ಹಿಂದೆ ಕುಳಿತಿದ್ದ ಎಂಜಿನಿಯರ್ ಸಂಶಯ ಎತ್ತಿದಾಗ, ಇಲ್ಲವೆಂದು ಕ್ಯಾಪ್ಟನ್ ಖಚಿತವಾಗಿ ಹೇಳಿದರು. ಕೆಲವೇ ಕ್ಷಣಗಳಲ್ಲಿ 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಅಪಘಾತ ಇಲ್ಲ.

ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಇನ್ನೊಂದು ಘಟನೆ ನಡೆಯಿತು. ಚಕ್ರಗಳು ಸರಿಯಾಗಿ ಇಳಿದಿವೆಯೋ ಇಲ್ಲವೋ ಎಂದು ನೋಡುತ್ತ ಕ್ಯಾಪ್ಟನ್ ಸುಮಾರು ಒಂದು ಗಂಟೆ ಸುತ್ತು ಹಾಕಿದರು. ಇಂಧನ ತೀರುತ್ತಿದೆಯೆಂಬುದು ಜೊತೆಗಾರರಿಗೆ ಗೊತ್ತಿತ್ತು, ಹೇಳಿದರು ಕೂಡ. ಆದರೆ ಹೇಳಬೇಕಾದಷ್ಟು ಗಟ್ಟಿಯಾಗಿ ಹೇಳಲಿಲ್ಲ. ಇಂಧನ ಮುಗಿದು ವಿಮಾನ ಬಿದ್ದು 10 ಜನ ತೀರಿಕೊಂಡರು. ಯಂತ್ರದಲ್ಲಿ ಪ್ರಾಣ ತೆಗೆಯುವಂತಹ ದೋಷವೇನೂ ಇರಲಿಲ್ಲ. 1979ರಲ್ಲಿ ನಾಸಾ ಸಂಸ್ಥೆ ವಿಮಾನ ಸಂಸ್ಥೆಗಳವರನ್ನು ಕರೆದು ಈ ವಿಷಯದ ಮೇಲೆ ಕಾರ್ಯಾಗಾರ ನಡೆಸಿತು. 1981ರಲ್ಲಿ, ಪೋರ್ಟ್‌ಲ್ಯಾಂಡಿನಲ್ಲಿ ವಿಮಾನ ಕಳೆದುಕೊಂಡಿದ್ದ ಯುನೈಟೆಡ್ ಸಂಸ್ಥೆಯೇ ಮೊದಲಾಗಿ ತನ್ನ ಪೈಲಟ್‌ಗಳಿಗೆ ಇದನ್ನು ಪಾಠವಾಗಿ ಕಲಿಸತೊಡಗಿತು. ಈಗ ಜಗತ್ತಿನ ಪೈಲಟ್‌ಗಳೆಲ್ಲ ಅದನ್ನು ಸಿಆರ್‌ಎಂ ಎಂದು ಕರೆಯುತ್ತಾರೆ. ಕಾಕ್‌ಪಿಟ್ಟಿನಲ್ಲಿ ಇರುವ ಪ್ರತಿಯೊಬ್ಬರ ಕಣ್ಣು, ಕಿವಿ, ಬುದ್ಧಿಗಳನ್ನು ಬಳಸಿಕೊಳ್ಳುವುದು ಎಂದು ಅದರ ಅರ್ಥ.

ಇದೆಲ್ಲ ಪರದೇಶದ ಮಾತು ಎನಿಸಬಹುದು. ನಮ್ಮ ಹೊಲಕ್ಕೆ ಬನ್ನಿ. ಕೂರಿಗೆಯಲ್ಲಿ ಬಿತ್ತುವಾಗ ಮುಂದೆ ಎತ್ತು ಹೊಡೆಯುವವನು ರೈತ, ಹಿಂದೆ ಬಟ್ಟಲಿಗೆ ಕಾಳು ಬಿಡುವವಳು ಅವನ ಹೆಂಡತಿಯೋ, ಕೂಲಿಗೆ ಬಂದ ಹೆಣ್ಣುಮಗಳೋ. ಕೊಳವೆಯಲ್ಲಿ ಮಣ್ಣು ಕಟ್ಟಿಕೊಂಡರೆ ಮುಂದಿನವನಿಗೆ ಕಾಣುವುದಿಲ್ಲ, ಹಿಂದಿನವಳಿಗೆ ಕಾಣುತ್ತದೆ. ಅವಳು "ನಿಲ್ಲಸ್ರಿ" ಎಂದು ಕೂಗಿದರೆ ಎತ್ತು ನಿಲ್ಲಲೇಬೇಕು. ಹೊಲದ ಯಜಮಾನನಿಗೆ ಅದರಿಂದ ಅವಮಾನವಾಯಿತೆಂದು ನಾನು ಎಂದೂ ಕೇಳಿಲ್ಲ. ನಿಲ್ಲಿಸದಿದ್ದರೆ ಒಂದು ಸಾಲು ಪೂರ್ತಿ ಬೀಜವಿಲ್ಲದೆ ಹೋಗುತ್ತದೆಂದು ಇಬ್ಬರಿಗೂ ಗೊತ್ತು.

ಆದರೆ ನಮ್ಮ ಶಾಲೆಗಳಲ್ಲಿ ಬೇರೆಯೇ ಪದ್ಧತಿ ಬೆಳೆದುಬಂತು. ಹಲಗೆಯ ಮೇಲೆ ಗುರುಗಳು 7ರ ಬದಲು 1 ಬರೆದರೆ, ಕಂಡ ಹುಡುಗನೂ ಸುಮ್ಮನೆ 1 ಎಂದೇ ಬರೆದುಕೊಳ್ಳುತ್ತಾನೆ. ನೀವೆಲ್ಲ ಹಾಗೆ ಬರೆದುಕೊಂಡವರೇ! ಅದನ್ನು ನಾವು ವಿನಯ ಎನ್ನುತ್ತೇವೆ. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರ ಬಾಳೆಹಣ್ಣಿನ ಕಥೆ ನಿಮಗೆಲ್ಲ ಗೊತ್ತು. ಯಾರೂ ಕಾಣದ ಕಡೆ ತಿಂದು ಬನ್ನಿ ಎಂದು ವ್ಯಾಸರಾಯರು ಹೇಳಿದಾಗ ಉಳಿದವರೆಲ್ಲ ತಿಂದು ಬಂದರು, ಕನಕರು ತಿನ್ನದೆ ಹಣ್ಣನ್ನು ಮರಳಿ ತಂದರು. ನಾವು ಈ ಕಥೆಯನ್ನು ಭಕ್ತಿಯ ಪಾಠವಾಗಿ ಹೇಳುತ್ತ ಬಂದಿದ್ದೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಗುರು ಹೇಳಿದ್ದು ಆಗದ ಕೆಲಸವೆಂದು ಶಿಷ್ಯ ಎಲ್ಲರೆದುರಿಗೆ ಹೇಳಿದ, ಗುರು ಸಿಟ್ಟಾಗದೆ ಕಾರಣ ಕೇಳಿದರು. ಶಿಷ್ಯನ ಧೈರ್ಯಕ್ಕಿಂತ ಗುರುವಿನ ಆ ಕೇಳುವ ಗುಣ ಅಪರೂಪದ್ದು.

ಇನ್ನು ಕರ್ನಾಟಕದ ಆ ಎರಡು ಪುಟಗಳು. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ಬಿದ್ದಿತು. 146 ಜನರಲ್ಲಿ 92 ಜನ ತೀರಿಕೊಂಡರು. ವಿಮಾನ ಆ ಕಾಲಕ್ಕೆ ಅತಿ ಹೊಸದಾದ ಏರ್‌ಬಸ್ 320. ಎಡ ಆಸನದಲ್ಲಿ ಪರೀಕ್ಷೆಗೆ ಕುಳಿತ ಕ್ಯಾಪ್ಟನ್, ಬಲ ಆಸನದಲ್ಲಿ ಪರೀಕ್ಷಕ ಕ್ಯಾಪ್ಟನ್. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿಯೇ ಉಳಿದು ವೇಗ ಕುಸಿಯುತ್ತಿದ್ದುದನ್ನು ಇಬ್ಬರು ಅನುಭವಿಗಳೂ ಸಕಾಲದಲ್ಲಿ ಗಮನಿಸಲಿಲ್ಲ. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ಅಧ್ಯಕ್ಷತೆಯಲ್ಲಿ ವಿಚಾರಣೆ ನಡೆಯಿತು. ಯಂತ್ರದ ಬಗೆಗೆ ವಾದಗಳು ಬಹಳ ನಡೆದವು, ಆ ಗೊಡವೆ ನನಗೆ ಬೇಡ. ಮೇಷ್ಟ್ರಾಗಿ ನನಗೆ ಕಾಣುವುದು ಇಷ್ಟು: ಒಬ್ಬರು ಪರೀಕ್ಷೆ ಕೊಡುವವರು, ಇನ್ನೊಬ್ಬರು ಪರೀಕ್ಷೆ ಮಾಡುವವರು ಆದಾಗ, ಇಬ್ಬರೂ ಕೂಡಿ ಒಂದು ಕೆಲಸ ಮಾಡುತ್ತಿದ್ದೇವೆಂಬುದು ಮರೆತುಹೋಗುವ ಅಪಾಯ ದೊಡ್ಡದು.

ಎರಡನೆಯದು ಮಂಗಳೂರು. 2010ರ ಮೇ 22, ಬೆಳಗಿನ ಆರು ಗಂಟೆಯ ಸುಮಾರು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ 166 ಜನರಿದ್ದರು. ಬಜಪೆಯ ರನ್‌ವೇ ಗುಡ್ಡದ ನೆತ್ತಿ ತಟ್ಟು ಮಾಡಿ ಕಟ್ಟಿದ್ದು, ಉದ್ದ 2,450 ಮೀಟರ್, ಅದರಾಚೆ ಕಣಿವೆ. ಕ್ಯಾಪ್ಟನ್ ಝ್ಲಾಟ್ಕೊ ಗ್ಲುಸಿಕಾ ಸರ್ಬಿಯಾ ಮೂಲದವರು, 10,000 ಗಂಟೆಗೂ ಮೇಲ್ಪಟ್ಟು ಹಾರಿದವರು. ಸಹಚಾಲಕ ಹರ್ಬಿಂದರ್ ಸಿಂಗ್ ಅಹ್ಲುವಾಲಿಯಾ. ಧ್ವನಿಮುದ್ರಣ ಯಂತ್ರದಲ್ಲಿ ಉಳಿದಿದ್ದ ಸುಮಾರು ಎರಡು ಗಂಟೆಗಳಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ರೆಯಲ್ಲಿದ್ದರು, ಗೊರಕೆಯೂ ಅದರಲ್ಲಿ ಕೇಳಿಸಿತು. ಎಚ್ಚರವಾದಾಗ ಇಳಿಯುವ ಹೊತ್ತು ಹತ್ತಿರವಾಗಿತ್ತು. ನಿಲ್ದಾಣದ ರಾಡಾರ್ ಕೆಟ್ಟಿದ್ದರಿಂದ ಇಳಿಯಲು ಅಪ್ಪಣೆ ಸಿಕ್ಕದ್ದೇ ತಡವಾಗಿ. ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು.

ಇಂತಹ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದೇ. ಇಳಿಯುವುದನ್ನು ಬಿಟ್ಟು ಮೇಲಕ್ಕೇರಿ, ಒಂದು ಸುತ್ತು ಹಾಕಿ ಮತ್ತೆ ಬರುವುದು. ಪೈಲಟ್‌ಗಳು ಅದಕ್ಕೆ ಗೋ ಅರೌಂಡ್ ಎನ್ನುತ್ತಾರೆ. ಸಹಚಾಲಕ ಅದನ್ನು ಹೇಳಿದರು. ಒಮ್ಮೆಯಲ್ಲ, ಮೂರು ಸಲ. ರನ್‌ವೇ ಸಾಲದೆಂದೂ ಎಚ್ಚರಿಸಿದರು. ಯಂತ್ರವೂ ತನ್ನ ಧ್ವನಿಯಲ್ಲಿ ಮತ್ತೆ ಮತ್ತೆ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ತಡೆಯಲು ತೊಡಗಿದ ಮೇಲೆ ಮನಸ್ಸು ಬದಲಿಸಿ ಮೇಲೇರಲು ಯತ್ನಿಸಿದರು. ವಿಮಾನ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. 158 ಜನ ಸತ್ತರು, ಉಳಿದವರು 8 ಜನ. ದುಬೈಯಲ್ಲಿ ದುಡಿದು, ರಜೆಗೆ ಊರಿಗೆ ಬರುತ್ತಿದ್ದ ಸಂಸಾರಗಳು ಅವರಲ್ಲಿ ಎಷ್ಟೋ.

ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ವಿಚಾರಣಾ ಮಂಡಳಿಯು, ಮೂರು ಕರೆಗಳನ್ನೂ ಯಂತ್ರದ ಎಚ್ಚರಿಕೆಗಳನ್ನೂ ಮೀರಿ ಇಳಿಸಲು ಹಟ ಹಿಡಿದದ್ದೇ ಮುಖ್ಯ ಕಾರಣವೆಂದು ಹೇಳಿತು. ಜೊತೆಗೆ ಇನ್ನೊಂದು ಮಾತನ್ನೂ ಬರೆಯಿತು. ನಾನು ಅದನ್ನು ಹಲವು ಸಲ ಓದಿದ್ದೇನೆ. ಸಹಚಾಲಕ ತಾನಾಗಿ ಗೋ ಅರೌಂಡ್ ಮಾಡಬಹುದೋ ಇಲ್ಲವೋ ಎಂಬ ಬಗ್ಗೆ ಇದ್ದ ಸೂಚನೆಗಳು ಅಸ್ಪಷ್ಟವಾಗಿದ್ದವು. ಬಹುಶಃ ಆ ಕಾರಣಕ್ಕೆ ಅವರು ಮತ್ತೆ ಮತ್ತೆ ಹೇಳಿದರು, ಆದರೆ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಆ ಸಹಚಾಲಕ ಅಂಜುಬುರುಕನೆಂದು ಸುಲಭವಾಗಿ ಹೇಳುವವರು ಇದ್ದಾರೆ. ನನಗೆ ಅದು ಅನ್ಯಾಯವೆನಿಸುತ್ತದೆ. ಬಾಯಿ ತೆರೆಯುವ ಧೈರ್ಯ ಅವರಲ್ಲಿ ಇತ್ತು. ಮುಂದಿನ ಹೆಜ್ಜೆಗೆ ಬೇಕಾದದ್ದು ಒಂದು ಸ್ಪಷ್ಟವಾದ ನಿಯಮ, ಮತ್ತು ಆ ನಿಯಮವನ್ನು ಕೈ ತಾನಾಗಿ ಪಾಲಿಸುವಷ್ಟು ಅಭ್ಯಾಸ. ಉಳಿದಿದ್ದ ಕೆಲವು ಸೆಕೆಂಡುಗಳಲ್ಲಿ ಯಾರೂ ಕುಳಿತು ವಿಚಾರ ಮಾಡಲಾರರು.

ಆದ್ದರಿಂದಲೇ ಇದನ್ನು ಪಾಠವಾಗಿ, ಗಿಳಿಪಾಠದಂತೆ, ಕಲಿಸುತ್ತಾರೆ. ಹಾರಾಟಕ್ಕೆ ಮೊದಲು ಕ್ಯಾಪ್ಟನ್ ಸಹಚಾಲಕರೊಡನೆ ಕುಳಿತು ಮಾತನಾಡಬೇಕು. ಹವೆ, ಇಂಧನ, ರನ್‌ವೇಗಳ ಜೊತೆಗೆ, ತಾನು ತಪ್ಪಿದರೆ ಹೇಳಬೇಕೆಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಒಬ್ಬರು ವಿಮಾನ ಹಾರಿಸುವಾಗ ಇನ್ನೊಬ್ಬರ ಕೆಲಸ ಕಾವಲು. ವೇಗ, ಎತ್ತರ ಹದ ತಪ್ಪಿದ ಕೂಡಲೇ ಗೊತ್ತುಪಡಿಸಿದ ಪದಗಳಲ್ಲಿಯೇ ಹೇಳಬೇಕು. ಗೊತ್ತುಪಡಿಸಿದ ಪದ ಏಕೆಂದರೆ ಅದರಲ್ಲಿ ಅವಿನಯವಿಲ್ಲ. ಅದು ಕಿರಿಯನ ಮಾತಲ್ಲ, ನಿಯಮದ ಮಾತು. ಎರಡು ಸಲ ಕರೆದರೂ ಉತ್ತರ ಬಾರದಿದ್ದರೆ, ಪಕ್ಕದವರು ಕೆಲಸ ಮಾಡಲಾರದ ಸ್ಥಿತಿಯಲ್ಲಿದ್ದಾರೆಂದು ತಿಳಿದು ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಇದನ್ನು ಸಿಮ್ಯುಲೇಟರಿನಲ್ಲಿ ಮಾಡಿಸುತ್ತಾರೆ. ಕ್ಯಾಪ್ಟನ್ ಬೇಕೆಂದೇ ಮೂಕನಂತೆ ಕುಳಿತುಬಿಡುತ್ತಾನೆ, ವಿದ್ಯಾರ್ಥಿ ಎಷ್ಟು ಬೇಗ ಕೈ ಹಾಕುತ್ತಾನೆಂದು ನೋಡುತ್ತಾರೆ.

ಮುಂದಾಳತನದ ಪಾಠಕ್ಕೆ ಅವರು ಬಹುಸಲ ಹೇಳುವ ಉದಾಹರಣೆ 1989ರ ಜುಲೈ 19ರದು. ಅಮೆರಿಕದಲ್ಲಿ ಕ್ಯಾಪ್ಟನ್ ಅಲ್ ಹೇನ್ಸ್ ಅವರ ವಿಮಾನದ ಎಂಜಿನ್ ಸಿಡಿದು ಎಲ್ಲ ಹಿಡಿತಗಳೂ ಕೈಬಿಟ್ಟವು. ಪ್ರಯಾಣಿಕರ ನಡುವೆ ಕುಳಿತಿದ್ದ ಒಬ್ಬ ತರಬೇತಿ ಪೈಲಟ್ ತಾನು ನೆರವಾಗಬಲ್ಲೆನೆಂದು ಹೇಳಿಕಳುಹಿಸಿದರು. ಹೇನ್ಸ್ ಅವರನ್ನು ಒಳಗೆ ಕರೆದು ಉಳಿದ ಎರಡು ಎಂಜಿನ್‌ಗಳ ಹಿಡಿಗಳನ್ನು ಅವರ ಕೈಗೆ ಕೊಟ್ಟರು. ನಾಲ್ವರು ಕೂಡಿ, ಇಳಿಸಲಾಗದ ವಿಮಾನವನ್ನು ಸೂ ಸಿಟಿಯ ರನ್‌ವೇ ತನಕ ತಂದರು. 296 ಜನರಲ್ಲಿ 184 ಜನ ಬದುಕಿದರು. ಇದನ್ನು ತಾನೊಬ್ಬನೇ ಮಾಡಿದ್ದಲ್ಲವೆಂದು ಹೇನ್ಸ್ ಮುಂದೆ ಊರೂರು ತಿರುಗಿ ಹೇಳಿದರು.

ಮಂಗಳೂರಿನ ನಂತರ ಎಲ್ಲವೂ ನೆಟ್ಟಗಾಯಿತೆಂದು ಬರೆದು ಮುಗಿಸುವ ಆಸೆ ನನಗಿದೆ, ಆದರೆ ಸತ್ಯ ಹಾಗಿಲ್ಲ. 2020ರ ಆಗಸ್ಟ್ 7ರ ಸಂಜೆ, ಸುರಿಯುವ ಮಳೆಯಲ್ಲಿ, ಅದೇ ಸಂಸ್ಥೆಯ ದುಬೈ ವಿಮಾನ ಕೇರಳದ ಕೋಳಿಕೋಡಿನ ಗುಡ್ಡದ ಮೇಲಿನ ರನ್‌ವೇಯಲ್ಲಿ ಅರ್ಧದಷ್ಟು ದಾಟಿದ ಮೇಲೆ ನೆಲ ಮುಟ್ಟಿತು. ಸಹಚಾಲಕ ಗೋ ಅರೌಂಡ್ ಎಂದು ಕರೆದರು, ಉತ್ತರ ಬರಲಿಲ್ಲ, ಅವರೂ ವಿಮಾನವನ್ನು ಕೈಗೆ ತೆಗೆದುಕೊಳ್ಳಲಿಲ್ಲ. 190 ಜನರಲ್ಲಿ 21 ಜನ ಹೋದರು, ಇಬ್ಬರು ಪೈಲಟ್‌ಗಳೂ ಅವರಲ್ಲಿ ಸೇರಿದ್ದರು. 2021ರಲ್ಲಿ ಬಂದ ವರದಿಯಲ್ಲಿ ಹಿರಿಯ ಕಿರಿಯರ ನಡುವಿನ ಕಡಿದಾದ ಅಂತರದ ಮಾತು ಮತ್ತೆ ಬಂದಿದೆ. ಹಿರೇಕೆರೂರಿನ ಆ ಹುಡುಗಿ ತರಬೇತಿಯಲ್ಲಿ ಓದಲಿರುವ ವರದಿಗಳಲ್ಲಿ ಮಂಗಳೂರಿನದೂ ಇದೂ ಇರುತ್ತವೆ. ಎರಡನ್ನೂ ಒಂದೇ ದಿನ, ಒಂದರ ಪಕ್ಕ ಒಂದು ಇಟ್ಟುಕೊಂಡು ಓದು ಎಂದು ಆಕೆಗೆ ಹೇಳಿಕಳುಹಿಸಿದ್ದೇನೆ.