ಕತ್ತರಿಗೆ ಮುನ್ನ ಒಂದು ಗುರುತು

ಪುಣೆಯ ಲಾ ಕಾಲೇಜು ರಸ್ತೆಯಲ್ಲಿ ಓಡಾಡುವ ಕನ್ನಡಿಗರಿಗೆ ಫಿಲ್ಮ್ ಇನ್‌ಸ್ಟಿಟ್ಯೂಟಿನ ಗೇಟು ಹೊಸದಲ್ಲ. ಆ ಗೇಟಿನೊಳಗಿನ ಜಾಗ ಒಂದು ಕಾಲಕ್ಕೆ ಪ್ರಭಾತ್ ಫಿಲ್ಮ್ ಕಂಪನಿಯದು. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ 1933ರಲ್ಲಿ ಪುಣೆಗೆ ಬಂದಿತು. ‘ಸಂತ ತುಕಾರಾಮ’ (1936) ತಯಾರಾದದ್ದು ಇಲ್ಲಿಯೇ. ಕಂಪನಿ ಮುಚ್ಚಿಹೋದ ಮೇಲೆ ಅದೇ ಜಾಗದಲ್ಲಿ ಭಾರತ ಸರಕಾರ 1960ರಲ್ಲಿ ಚಲನಚಿತ್ರ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ಗಿರೀಶ ಕಾರ್ನಾಡರು 1974-75ರಲ್ಲಿ ಅದರ ನಿರ್ದೇಶಕರಾಗಿದ್ದರು. ಗಿರೀಶ ಕಾಸರವಳ್ಳಿಯವರು ಅಲ್ಲಿಯ ವಿದ್ಯಾರ್ಥಿ.

ಅಲ್ಲಿ ಕಲಿಸುವ ವಿದ್ಯೆಗಳಲ್ಲಿ ಪ್ರೇಕ್ಷಕನ ಕಣ್ಣಿಗೆ ತೀರ ಕಡಿಮೆ ಬೀಳುವಂಥದು ಸಂಕಲನ, ಎಂದರೆ ಚಿತ್ರವನ್ನು ತುಂಡರಿಸಿ ಜೋಡಿಸುವ ಕೆಲಸ. ಇಂದು ನಮ್ಮ ಮಕ್ಕಳು ಮೊಬೈಲಿನಲ್ಲಿಯೇ ಈ ಕೆಲಸ ಮಾಡುತ್ತಾರೆ. ಬೆರಳು ಮುಟ್ಟಿಸಿದರೆ ತುಂಡು, ಮತ್ತೆ ಮುಟ್ಟಿಸಿದರೆ ಮೊದಲಿನಂತೆ ಅಖಂಡ. ಈ ಸುಲಭತೆ ಎಲ್ಲಿಂದ ಬಂತೆಂಬುದನ್ನು ತಿಳಿಯಬೇಕಾದರೆ ಕತ್ತರಿಸುವುದು ಕಷ್ಟವಾಗಿದ್ದ ಕಾಲಕ್ಕೆ ಹೋಗಬೇಕು.

ಮೂವತ್ತೈದು ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮುಗಳಿರುತ್ತವೆ. ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ಒಂದು ನಿಮಿಷಕ್ಕೆ 90 ಅಡಿ. ಎರಡು ಗಂಟೆಯ ಚಿತ್ರವೆಂದರೆ 10,800 ಅಡಿ. ಅದಕ್ಕಾಗಿ ಚಿತ್ರೀಕರಿಸಿದ್ದು ಇದರ ಹಲವು ಪಟ್ಟು. ಸಂಕಲನಕಾರ ಇದನ್ನು ಮೂವಿಯೋಲಾ ಯಂತ್ರದಲ್ಲಿಯೋ, ಜರ್ಮನಿಯ ಸ್ಟೀನ್‌ಬೆಕ್ ಮೇಜಿನ ಮೇಲೆಯೋ ಹಿಂದೆ ಮುಂದೆ ಓಡಿಸಿ ನೋಡಿ, ಬೇಕಾದ ಫ್ರೇಮಿನ ಮೇಲೆ ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಆಮೇಲೆ ಕತ್ತರಿಸುತ್ತಿದ್ದ.

ಕತ್ತರಿಸಿದ್ದನ್ನು ಕೂಡಿಸುವುದು ಇನ್ನೂ ಸೂಕ್ಷ್ಮ. ಒಂದು ತುಂಡಿನ ಅಂಚಿನ ಲೇಪವನ್ನು ಕೆರೆದು, ಅಂಟು ಸವರಿ, ಇನ್ನೊಂದು ತುಂಡನ್ನು ಅದರ ಮೇಲೆ ಸ್ವಲ್ಪ ಏರಿಸಿ ಒತ್ತಿ ಹಿಡಿಯಬೇಕು. ಮನಸ್ಸು ಬದಲಾಗಿ ಬೆಸುಗೆ ಬಿಚ್ಚಿದರೆ ಅಲ್ಲಿಯ ಫ್ರೇಮು ಹಾಳು. ಹೋದ ಫ್ರೇಮಿನ ಜಾಗಕ್ಕೆ ಕಪ್ಪು ಫಿಲ್ಮಿನ ಚೂರು ಸೇರಿಸದಿದ್ದರೆ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುತ್ತಿತ್ತು. ಪ್ರತಿ ತಪ್ಪಿಗೂ ದಂಡ ತೆರಬೇಕಾಗಿದ್ದುದರಿಂದ ಜನ ಯೋಚಿಸಿ ಕತ್ತರಿಸುತ್ತಿದ್ದರು.

ಈ ದಂಡವನ್ನು ತಪ್ಪಿಸಿದವನು ಇಟಲಿಯ ಸಂಕಲನಕಾರ ಲಿಯೊ ಕಟೋಜೊ. ಫೆಲಿನಿಯ ಚಿತ್ರಗಳನ್ನು ಸಂಕಲಿಸಿದ ಈತ ಒಂದು ಚಿಕ್ಕ ಯಂತ್ರ ರೂಪಿಸಿದ. ತುಂಡುಗಳನ್ನು ಒಂದರ ಮೇಲೊಂದು ಏರಿಸದೆ ಅಂಚಿಗೆ ಅಂಚು ತಾಗಿಸಿ, ಮೇಲೆ ಪಾರದರ್ಶಕ ಟೇಪು ಒತ್ತಿ, ಹಲ್ಲಿನ ರಂಧ್ರಗಳನ್ನೂ ಅದೇ ಕೊರೆಯುತ್ತಿತ್ತು. ಬೇಡವಾದರೆ ಟೇಪು ಕಿತ್ತರಾಯಿತು, ಒಂದು ಫ್ರೇಮೂ ನಷ್ಟವಿಲ್ಲ.

ಆದರೆ ಇದೆಲ್ಲ ನಡೆಯುತ್ತಿದ್ದುದು ಮೂಲದ ಮೇಲಲ್ಲ ಎಂಬುದು ಮುಖ್ಯ. ಕ್ಯಾಮೆರಾದಿಂದ ಬಂದ ನೆಗೆಟಿವ್ ಬೇರೆಡೆ ಭದ್ರವಾಗಿರುತ್ತಿತ್ತು. ಸಂಕಲನಕಾರ ಕೊರೆಯುತ್ತಿದ್ದುದು ಅದರ ಪ್ರತಿಯನ್ನು. ಫಿಲ್ಮಿನ ಅಂಚಿನಲ್ಲಿ ಅಡಿಗೊಂದರಂತೆ ಮುದ್ರಿತವಾದ ಸಂಖ್ಯೆಗಳಿದ್ದವು. ಎಲ್ಲ ತೀರ್ಮಾನವಾದ ಮೇಲೆ ಆ ಸಂಖ್ಯೆಗಳನ್ನು ತಾಳೆ ನೋಡಿ, ಕೈಗವಸು ತೊಟ್ಟ ಬೇರೊಬ್ಬ ಕೆಲಸಗಾರ ನೆಗೆಟಿವನ್ನು ಒಂದೇ ಸಲ ಕತ್ತರಿಸುತ್ತಿದ್ದ. ಅಲ್ಲಿ ಅಂಟೇ ಗತಿ, ಹಿಂದಿರುಗುವ ದಾರಿಯಿಲ್ಲ.

1989ರಲ್ಲಿ ಅಮೆರಿಕದಿಂದ ಬಂದ ಏವಿಡ್ ಮೊದಲಾದ ಕಂಪ್ಯೂಟರ್ ವ್ಯವಸ್ಥೆಗಳು ಮಾಡಿದ್ದು ಈ ಹಳೆಯ ಪದ್ಧತಿಯನ್ನೇ ಪೂರ್ಣಗೊಳಿಸುವ ಕೆಲಸ. ಇಂದಿನ ಟೈಮ್‌ಲೈನಿನಲ್ಲಿ ನಾವು ಕ್ಲಿಪ್ಪನ್ನು ತುಂಡರಿಸಿದಾಗ ಮೂಲ ಫೈಲಿಗೆ ಗೀರೂ ಬೀಳುವುದಿಲ್ಲ. ಇಲ್ಲಿಂದ ಇಲ್ಲಿಯವರೆಗೆ ತೋರಿಸು ಎಂಬ ಎರಡು ಸಂಖ್ಯೆಗಳು ದಾಖಲಾಗುತ್ತವೆ, ಅಷ್ಟೇ. ಆ ತಂತ್ರಾಂಶಗಳಲ್ಲಿ ತುಂಡರಿಸುವ ಗುಂಡಿಗೆ ಇಂದಿಗೂ ಬ್ಲೇಡಿನ ಚಿತ್ರವಿರುವುದು ಹಳೆಯ ಮೇಜಿನ ನೆನಪು.

ಆದ್ದರಿಂದ ಚುರುಕಾಗಿ ಕೆಲಸ ಮಾಡಬಯಸುವವರಿಗೆ ಹಳಬರ ಕ್ರಮವೇ ಈಗಲೂ ಲೇಸು. ಮೊದಲು ಪೂರ್ತಿ ನೋಡಿ, ನೋಡುತ್ತಲೇ ಗುರುತು ಹಾಕಬೇಕು. ಆಮೇಲೆ ಗುರುತಿನಿಂದ ಗುರುತಿಗೆ ಹೋಗಿ ಕೀಲಿಮಣೆಯ ಒಂದೇ ಒತ್ತಿನಿಂದ ತುಂಡರಿಸಬೇಕು. ಚಿತ್ರ ಮತ್ತು ಧ್ವನಿಗಳನ್ನು ಒಟ್ಟಿಗೆ ಕತ್ತರಿಸಿದರೆ ಹೊಂದಿಕೆ ತಪ್ಪದು. ಬೇಡದ ತುಂಡನ್ನು ತೆಗೆಯುವಾಗ ಖಾಲಿ ಜಾಗ ತಾನೇ ಮುಚ್ಚಿಕೊಳ್ಳುವ ಆಜ್ಞೆ ಬಳಸಿದರೆ, ಉಳಿದವನ್ನು ಒಂದೊಂದಾಗಿ ಎಳೆದು ತರುವ ಶ್ರಮವಿಲ್ಲ.

ಕೈಚಳಕಕ್ಕಿಂತ ದೊಡ್ಡ ಮಾತೊಂದಿದೆ, ಅದು ಮೂಲವನ್ನು ಉಳಿಸಿಕೊಳ್ಳುವುದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ತಯಾರಾದದ್ದು ನಮಗೆ ಸಮೀಪದ ಕೊಲ್ಹಾಪುರದಲ್ಲಿ. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಮಾತ್ರ ಪುಣ್ಯ ಮಾಡಿತ್ತು. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಅದರ ನೆಗೆಟಿವ್ ಉಳಿದಿತ್ತು. ಅದರ ಆಧಾರದಿಂದ ಚಿತ್ರವನ್ನು ಪುನರುಜ್ಜೀವಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಸಾಧ್ಯವಾಯಿತು.

ನಮ್ಮ ಸಂಘ ಸಂಸ್ಥೆಗಳ ರಾಜ್ಯೋತ್ಸವ, ನಾಟಕ, ಭಾಷಣಗಳನ್ನು ಈಗ ಎಲ್ಲರೂ ಚಿತ್ರೀಕರಿಸುತ್ತಾರೆ. ಎರಡು ನಿಮಿಷಕ್ಕೆ ಕತ್ತರಿಸಿ ಹಂಚಿದ ಮೇಲೆ, ಜಾಗ ಸಾಲದೆಂದು ಪೂರ್ತಿ ಇದ್ದುದನ್ನು ಅಳಿಸಿಬಿಡುತ್ತಾರೆ. ಹಿರಿಯರೊಬ್ಬರ ಮಾತಿನ ನಡುವಿನ ಮೌನವೂ ಕೆಮ್ಮೂ ಇಂದು ಬೇಡವೆನಿಸಬಹುದು. ಅವರು ಇಲ್ಲವಾದ ಮೇಲೆ ಮನೆಯವರು ಹುಡುಕುವುದು ಅವನ್ನೇ. ಎಷ್ಟು ಬೇಕಾದರೂ ಕತ್ತರಿಸೋಣ. ಆದರೆ ಕತ್ತರಿ ತಾಗದ ಒಂದು ಪ್ರತಿಯನ್ನು ಸಂಘದ ಕಪಾಟಿನಲ್ಲಿ, ಮೇಲೆ ದಿನಾಂಕ ಬರೆದು, ಇಟ್ಟಿರೋಣ.