ಸಿಂಗಾಪುರದ ಕಡಲಕೋಟೆ

ಶತಮಾನೋತ್ಸವದ ಸಂದರ್ಭದಲ್ಲಿ ಕಟ್ಟಿದವರನ್ನು ಸ್ಮರಿಸುವುದು ನಮ್ಮ ಧರ್ಮ. ಆದರೆ ಕಟ್ಟಿದ ಮಾತ್ರಕ್ಕೆ ಕಾವಲು ಪೂರ್ಣವಾಗದೆಂಬುದನ್ನೂ ಚರಿತ್ರೆ ನಮಗೆ ಕಲಿಸಿದೆ. ಅದಕ್ಕೆ ಸಿಂಗಾಪುರವೇ ಸಾಕ್ಷಿ.

ಮೊದಲನೆಯ ಮಹಾಯುದ್ಧದ ತರುವಾಯ ಬ್ರಿಟಿಷರಿಗೆ ಪೂರ್ವದಲ್ಲಿ ಜಪಾನಿನ ನೌಕಾಬಲದ ಆತಂಕ ಹುಟ್ಟಿತು. ಎರಡು ಸಾಗರಗಳಲ್ಲಿ ಎರಡು ಮಹಾ ನೌಕಾಪಡೆಗಳನ್ನು ಪೋಷಿಸಲು ಅವರಲ್ಲಿ ಹಣವಿರಲಿಲ್ಲ. ಆದುದರಿಂದ ಸಿಂಗಾಪುರದಲ್ಲಿ ನೌಕಾನೆಲೆಯನ್ನು ಕಟ್ಟಬೇಕು, ಅಪಾಯ ಒದಗಿದಾಗ ಯುರೋಪಿನಿಂದ ಹಡಗುಗಳು ಬರಬೇಕು, ಅವು ತಲಪುವವರೆಗೆ ಬಂದರವು ತಾನೇ ಎದುರಿಸಿ ನಿಲ್ಲಬೇಕು ಎಂದು 1921ರಲ್ಲಿ ನಿಶ್ಚಯಿಸಿದರು. 1938ರಲ್ಲಿ ನೆಲೆಯ ಉದ್ಘಾಟನೆಯಾಯಿತು. 15 ಅಂಗುಲ ಬಾಯಿಯ ಐದು ಭಾರಿ ಫಿರಂಗಿಗಳು ಕಡಲನ್ನು ಕಾಯತೊಡಗಿದವು.

ಆದರೆ ವೈರಿಯು ಕಡಲಿನಿಂದ ನೇರವಾಗಿ ಬಂದರಿಗೇ ಬರಬೇಕೆಂಬ ನಿಯಮವೇನಿದೆ? 1937ರಲ್ಲಿ ಮಲಯದ ಸೇನಾಧಿಪತಿ ಡಾಬಿ ಹಾಗೂ ಅವರ ಕೈಕೆಳಗಿನ ಅಧಿಕಾರಿ ಪರ್ಸಿವಲ್ ಇದನ್ನೇ ಪರಿಶೀಲಿಸಿದರು. ಶತ್ರುವು ಉತ್ತರದ ಕರಾವಳಿಯಲ್ಲಿ ಇಳಿದು ನೆಲದ ದಾರಿಯಿಂದ ಬರಬಹುದು, ಮಳೆಗಾಲವೂ ಅವನನ್ನು ತಡೆಯಲಾರದು ಎಂದು ಎಚ್ಚರಿಸಿದರು. ಎಚ್ಚರಿಕೆ ಕಾಗದದಲ್ಲಿ ಉಳಿಯಿತು. ಅದಕ್ಕೆ ತಕ್ಕ ಬಲ ಬರಲಿಲ್ಲ. ಹಡಗುಗಳಿಗಾಗಿ ಕಾಯಬೇಕಾದ ಅವಧಿ 42 ದಿನಗಳಿಂದ ಬೆಳೆಯುತ್ತ 1939ರಲ್ಲಿ 180 ದಿನಗಳಾಯಿತು. 1940ರಲ್ಲಿ 336 ವಿಮಾನಗಳು ಅಗತ್ಯವೆಂದು ಎಣಿಸಲಾಗಿತ್ತು; ಯುದ್ಧ ಬಂದಾಗ ಇದ್ದವು ಸುಮಾರು 160.

1941ರ ಡಿಸೆಂಬರ್ 8ರಂದು ಜಪಾನೀಯರು ಕೋಟಾ ಭಾರು ಮತ್ತು ಅದರ ಉತ್ತರದ ಥಾಯ್ ಕರಾವಳಿಯಲ್ಲಿ ಇಳಿದರು. ಮೂರನೆಯ ದಿನ, ರಕ್ಷಣೆಗೆಂದು ಬಂದಿದ್ದ ಎರಡು ಮಹಾನೌಕೆಗಳು ವಿಮಾನದಾಳಿಗೆ ಸಿಕ್ಕಿ ಮುಳುಗಿದವು. ಫೆಬ್ರವರಿ 8ರ ರಾತ್ರಿ ವೈರಿಯು ಜೊಹೋರ್ ಜಲಸಂಧಿಯನ್ನು ದಾಟಿದನು. ಫಿರಂಗಿಗಳು ನೆಲದತ್ತ ತಿರುಗಲೇ ಇಲ್ಲವೆಂಬ ಮಾತು ನಿಜವಲ್ಲ. ಹಲವು ತಿರುಗಿದವು, ಹಾರಿಸಿದವು. ಆದರೆ ಅವುಗಳ ಗುಂಡುಗಳಲ್ಲಿ ಬಹುಪಾಲು ಹಡಗಿನ ಉಕ್ಕನ್ನು ಭೇದಿಸುವುದಕ್ಕೆಂದು ಮಾಡಿದವು. ಕಾಲಾಳುಗಳ ಮೇಲೆ ಅವು ಹೆಚ್ಚು ಪ್ರಯೋಜನಕ್ಕೆ ಬರಲಿಲ್ಲ.

ಆ ದಿನಗಳಲ್ಲಿ ನಗರದ ಒಳ್ಳೆಯ ಕುರುಬನ ಕಥೆದ್ರಾಲು ಗಾಯಾಳುಗಳ ಆಸ್ಪತ್ರೆಯಾಯಿತು. 1942ರ ಫೆಬ್ರವರಿ 15ರಂದು ಶರಣಾಗತಿಗೆ ಸಹಿ ಹಾಕಿದವರು, ಐದು ವರ್ಷ ಮೊದಲೇ ಆ ದಾರಿಯನ್ನು ಕಂಡಿದ್ದ ಪರ್ಸಿವಲ್ ಅವರೇ. ನಮ್ಮ ದೇಶದ ಹತ್ತಾರು ಸಾವಿರ ಸೈನಿಕರು ಸೆರೆಯಾದರು. ಯೋಜನೆ ಮಾಡಿದವರು ಅವರಲ್ಲ. ಬೆಲೆ ತೆತ್ತವರು ಅವರು.

ಕಾವಲುಗಾರನು ಕಂಡು ಹೇಳಿದರಷ್ಟೇ ಸಾಲದು, ಮನೆಯ ಯಜಮಾನನು ಕೇಳಿ ಎದ್ದೇಳಬೇಕು. ಮುಂದಿನ ನೂರು ವರ್ಷಗಳತ್ತ ನೋಡುವ ನಾವು ಇದನ್ನು ಮರೆಯದಿರೋಣ.