ಮಡಕೆಯ ಲೇಪ, ಕೈಯ ವಿದ್ಯೆ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ ಎಂದೇ ನಾವು ಬಹುಕಾಲ ಮಕ್ಕಳಿಗೆ ಪಾಠ ಹೇಳಿದೆವು. ಆದರೆ ಅರಸರ ಹೆಸರು ಅಳಿದುಹೋದ ನೆಲದಲ್ಲಿಯೂ ಮಡಕೆಯ ಚೂರು ಉಳಿದಿರುತ್ತದೆ.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಅಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ಒಂದು ವಿಶಿಷ್ಟ ಮಡಕೆಯೂ ದೊರೆಯಿತು. ಹಸಿ ಪಾತ್ರೆಯ ಮೇಲೆ ಬಿಳಿಯ ಮಣ್ಣಿನಿಂದ ಗೆರೆಗಳನ್ನೆಳೆದು, ಅದರ ಮೇಲೆ ಕಾವಿಮಣ್ಣಿನ ತೆಳು ಲೇಪವನ್ನು ಹಚ್ಚಿ ಸುಡುತ್ತಿದ್ದರು. ಲೇಪದೊಳಗಿನಿಂದ ಗೆರೆಗಳು ಮೂಡಿ ಕಾಣುತ್ತಿದ್ದವು. ಇದೇ ಬಗೆಯ ಮಡಕೆಗಳು ನಮ್ಮ ಬೆಟ್ಟದ ಕೆಳಗಿನ ಕೊಂಗುನಾಡಿನಲ್ಲಿ, ನೊಯ್ಯಲ್ ನದಿಯ ದಡದ ಕೊಡುಮಣಲ್‌ನಲ್ಲಿಯೂ ದೊರೆತಿವೆ. ಎರಡು ಸಾವಿರ ವರ್ಷಗಳ ಹಿಂದೆ ಈ ಕುಶಲಕಲೆಗೆ ಇಂದಿನ ರಾಜ್ಯಗಳ ಗಡಿ ಇರಲಿಲ್ಲ.

ಬೆಟ್ಟದ ಮೇಲೂ ಮಣ್ಣಿನ ಚರಿತ್ರೆಯಿದೆ. ನೀಲಗಿರಿಯ ಮೊದಲ ಕಮಿಷನರ್ ಬ್ರೀಕ್ಸ್ ಅವರು ಪ್ರಾಚೀನ ಕಲ್ಲುಗೋರಿಗಳನ್ನು ಅಗೆಸಿದಾಗ, ಮುಚ್ಚಳದ ಮೇಲೆ ಎಮ್ಮೆಯೇ ಮೊದಲಾದ ಪ್ರಾಣಿಗಳ ಬೊಂಬೆಗಳಿದ್ದ ಮಡಕೆಗಳು ಹೊರಬಂದವು. ಅವರ ಗ್ರಂಥ 1873ರಲ್ಲಿ ಪ್ರಕಟವಾಯಿತು. ಆ ಮಡಕೆಗಳು ಇಂದು ಮದರಾಸು ಮತ್ತು ಲಂಡನ್ನಿನ ಸಂಗ್ರಹಾಲಯಗಳಲ್ಲಿವೆ.

ಸಂಗ್ರಹಾಲಯಕ್ಕೆ ಸೇರದ ಮಡಕೆಗಳನ್ನು ಮಾಡಿದವರು ಕೋತರು. ಅವರ ಏಳು ಊರುಗಳಲ್ಲಿ ಒಂದು ಗೂಡಲೂರಿನ ಬಳಿಯಿದೆ. ಗಂಡಸರು ಕಮ್ಮಾರಿಕೆ, ಬಡಗಿತನ ಮಾಡಿದರೆ ಕುಂಬಾರಿಕೆ ಹೆಂಗಸರದಾಗಿತ್ತು. ಬಡಗರು ಧಾನ್ಯ ಕೊಟ್ಟು ಅವರಿಂದ ಮಡಕೆಯನ್ನೂ ಕಬ್ಬಿಣದ ಸಾಮಾನನ್ನೂ ಪಡೆಯುತ್ತಿದ್ದರು. ಪೇಟೆಯ ಲೋಹದ ಪಾತ್ರೆ ಬಂದಮೇಲೆ ಆ ಕೊಡುಕೊಳ್ಳುವಿಕೆ ಸಡಿಲವಾಯಿತು. ತಾಯಿಯ ಪಕ್ಕದಲ್ಲಿ ಕುಳಿತು ಮಗಳು ಕಲಿಯುತ್ತಿದ್ದ ಪಾಠಕ್ಕೂ ಅದರಿಂದ ಪೆಟ್ಟುಬಿತ್ತು.

ಇಂಗ್ಲೆಂಡಿನಲ್ಲಿಯೂ ಹಳ್ಳಿಯ ಲೇಪದ ಮಡಕೆ ಹೀಗೆಯೇ ಕ್ಷೀಣಿಸಿತ್ತು. ಆಗ ಆಕ್ಸ್‌ಫರ್ಡ್‌ನಲ್ಲಿ ಓದಿದ ಮೈಕೇಲ್ ಕಾರ್ಡ್ಯೂ ಎಂಬ ತರುಣನು ಹಳ್ಳಿಯ ಕುಂಬಾರನೊಬ್ಬನ ಬಳಿ ತಿಗರಿ ತಿರುಗಿಸಲು ಕಲಿತನು. 1923ರಲ್ಲಿ ಬರ್ನಾರ್ಡ್ ಲೀಚ್ ಅವರ ಶಿಷ್ಯನಾದನು. ಮೂರು ವರ್ಷಗಳ ಬಳಿಕ ಪಾಳುಬಿದ್ದಿದ್ದ ಒಂದು ಹಳೆಯ ಕುಂಬಾರಶಾಲೆಯಲ್ಲಿ ಮತ್ತೆ ಒಲೆ ಹೊತ್ತಿಸಿದನು. ನಮ್ಮ ನೆರೆಯ ಪುದುಚೇರಿಯಲ್ಲಿ 1971ರಲ್ಲಿ ಆರಂಭವಾದ ಗೋಲ್ಡನ್ ಬ್ರಿಜ್ ಕುಂಬಾರಶಾಲೆಯಲ್ಲಿಯೂ ಅನೇಕರು ಹೀಗೆಯೇ ಗುರುವಿನ ಬಳಿ ಕಲಿತಿದ್ದಾರೆ.

ಪದವಿಯುಳ್ಳವರು ಮಣ್ಣು ಮುಟ್ಟಿದರೆ ನಾವು ಅದನ್ನು ಕಲೆ ಎನ್ನುತ್ತೇವೆ. ಕೋತ ಅಜ್ಜಿ ಮುಟ್ಟಿದರೆ ಕೂಲಿ ಎನ್ನುತ್ತೇವೆ. ಈ ಭೇದವನ್ನು ಶಾಲೆಗಳಲ್ಲಿ ನಾವೇ ಬೆಳೆಸಿದೆವೆಂದು ಒಪ್ಪಿಕೊಳ್ಳಬೇಕು. ಮಡಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಬಹುದು. ಮಣ್ಣು ಎಷ್ಟು ಹದಕ್ಕೆ ಬಂದಾಗ ಲೇಪ ಹಚ್ಚಬೇಕೆಂಬ ಅರಿವನ್ನು ಮಾತ್ರ ಇನ್ನೊಂದು ಕೈಯೇ ಕಾಪಾಡಬೇಕು. ಮುಂದಿನ ಸಮ್ಮೇಳನದಲ್ಲಿ ಅಂಥ ಅಜ್ಜಿಯೊಬ್ಬರನ್ನು ಗುರುವೆಂದು ಗೌರವಧನ ಸಹಿತ ಆಹ್ವಾನಿಸಿ, ನಮ್ಮ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸೋಣವೆಂದು ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ.